ಒಂದೇ ಕಣ್ಣಿನ ಕಾಮಾಲೆ

ನಾನು ಎಲ್ಲವನ್ನೂ ಬರೆದಿಡುವ ಮನುಷ್ಯ. ಎದ್ದ ಸಮಯ, ಕುಡಿದ ಕಾಫಿ, ಪರೀಕ್ಷೆ ಮಾಡಿದ ಕಣ್ಣು, ಎಲ್ಲಕ್ಕೂ ನನ್ನ ಡೈರಿಯಲ್ಲಿ ಒಂದೊಂದು ಗೆರೆ ಬೀಳುತ್ತದೆ. ನಾಲ್ಕು ನೇರ ಗೆರೆ, ಐದನೆಯದು ಅಡ್ಡ. ಇಷ್ಟು ಶಿಸ್ತಾಗಿ ಬದುಕುವವನಿಗೆ ಎಡವಟ್ಟು ಆಗುವುದು ಸಾಧ್ಯವೇ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆ ನಂಬಿಕೆ ತೊಂಬತ್ತಾರನೆಯ ಇಸವಿಯ ವಿಜಯದಶಮಿಯ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೆ ಗಟ್ಟಿಯಾಗಿಯೇ ಇತ್ತು.

ದಾವಣಗೆರೆಯಲ್ಲಿ ಕಣ್ಣು ಪರೀಕ್ಷೆಯ ಡಿಪ್ಲೊಮಾ ಮುಗಿಸಿ ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಗೋಡೆಯ ಅಕ್ಷರಪಟ್ಟಿಗೂ ಕೂರುವವರ ಕುರ್ಚಿಗೂ ನಡುವೆ ಇಪ್ಪತ್ತು ಅಡಿ ಇರಬೇಕು. ನನ್ನ ಕೋಣೆಯೇ ಹದಿನಾಲ್ಕು ಅಡಿ. ಆದ್ದರಿಂದ ಕುರ್ಚಿ ಬಾಗಿಲು ದಾಟಿ ಹೊರಗಿನ ಕಟ್ಟೆಯ ಮೇಲಿತ್ತು. ದಾರಿಯಲ್ಲಿ ಹೋಗುವವರೂ ನಿಂತು, ಕುರ್ಚಿಯಲ್ಲಿ ಕೂತವರಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಅದನ್ನು ಬಿಟ್ಟರೆ ನನ್ನ ಕೆಲಸ ಪೂರ್ತಿ ವೈಜ್ಞಾನಿಕವಾಗಿತ್ತು.

ಜೂನ್ 10ರ ಸೋಮವಾರ ಬಾಗಿಲಿಗೆ ಹೊಸ ಬೋರ್ಡು ಹಾಕಿದೆ: 'ಇಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಡಲಾಗುತ್ತದೆ. ಕನ್ನಡಕವಿಲ್ಲದೆ ಜಗತ್ತನ್ನು ನೋಡಿ.' ಪಕ್ಕದಲ್ಲಿ ಒಂದು ರಟ್ಟಿನ ಮೇಲೆ, ಲೆನ್ಸ್ ಹಾಕಿಕೊಳ್ಳುವವರು ಪಾಲಿಸಬೇಕಾದ ಹನ್ನೊಂದು ನಿಯಮಗಳನ್ನು ದುಂಡಗೆ ಬರೆದು ತೂಗುಹಾಕಿದೆ. ಮೂರು ತಿಂಗಳ ಕೊನೆಗೆ ಡೈರಿಯ ಲೆಕ್ಕ ಹೀಗಿತ್ತು. ಬಂದು ವಿಚಾರಿಸಿದವರು 41. ಅವರಲ್ಲಿ, 'ಕಣ್ಣಿನ ಹಿಂದೆ ಸರಿದು ತಲೆಯೊಳಗೆ ಹೋದರೆ ಏನು ಗತಿ?' ಎಂದವರು 26. ಮಾದರಿ ಲೆನ್ಸನ್ನು ಮುಟ್ಟಿ ನೋಡಿ ಪಂಚೆಗೆ ಕೈ ಒರೆಸಿಕೊಂಡವರು 14. ಸಾಗರದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರು 1. ಲೆನ್ಸ್ ಹಾಕಿಸಿಕೊಂಡವರು ಸೊನ್ನೆ.

ಈಸೂರಿನಿಂದ ಬಂದಿದ್ದ ಹಿರಿಯ ರೈತರೊಬ್ಬರು ಕಾರಣವನ್ನೂ ಹೇಳಿಬಿಟ್ಟರು.

"ಅಲ್ರೀ ಸಾರ್, ಇದು ಇಷ್ಟು ಚಲೋ ಐತಿ ಅಂತೀರಿ. ಮತ್ತ ನಿಮ್ಮ ಮೂಗಿನ ಮ್ಯಾಲೆ ಕುಂತೈತಲ್ಲ, ಅದೇನ್ರೀ?"

ನನ್ನ ಮೂಗಿನ ಮೇಲೆ ಮೈನಸ್ ಆರೂವರೆಯ ಕನ್ನಡಕ ಕೂತಿತ್ತು. ಸೋಡಾ ಬಾಟಲಿಯ ತಳದಷ್ಟು ದಪ್ಪ.

"ಇದು ಸಣ್ಣಂದಿನಿಂದ ಅಭ್ಯಾಸ ಆಗಿಬಿಟ್ಟಿದೆ" ಎಂದೆ.

"ಹೋಟ್ಲು ಇಟ್ಟಾವ ಮನಿಯಿಂದ ಬುತ್ತಿ ತಂದು ಉಂಡಂಗಾತು ನೋಡ್ರಿ!" ಎಂದು ಅವರು ಎದ್ದುಹೋದರು.

ಆ ಮಾತು ನಾಟಿತು. ಹುಬ್ಬಳ್ಳಿಗೆ ಬರೆದು ನನ್ನದೇ ನಂಬರಿನ ಒಂದು ಜೊತೆ ಸಾಫ್ಟ್ ಲೆನ್ಸ್ ತರಿಸಿದೆ. ಹಾಕುವುದು ತೆಗೆಯುವುದನ್ನು ಮೂವತ್ತೆರಡು ಸಲ ಅಭ್ಯಾಸ ಮಾಡಿದೆ. ಕೊನೆಕೊನೆಗೆ ಲೆನ್ಸನ್ನು ನೋಡದೆಯೇ, ಬೆರಳಿನ ಅಂದಾಜಿನ ಮೇಲೆ ಹಾಕುವಷ್ಟು ಪಳಗಿದೆ. ಈ ಪಳಗುವಿಕೆಯೇ ಮುಂದೆ ಮುಳುವಾಯಿತು.

ಅಷ್ಟರಲ್ಲಿ ಬಸಣ್ಣ ಮಾವ ಸೊರಬದಿಂದ ಒಂದು ಸಂಬಂಧದ ಸುದ್ದಿ ತಂದ. ಮಾವ ಎಂದರೆ ನನ್ನ ಅವ್ವನ ತಮ್ಮ. ವಯಸ್ಸು ನಲವತ್ತೆಂಟು, ತಲೆಗೂದಲ ಬಣ್ಣ ಇಪ್ಪತ್ತೆಂಟು. ಹುಡುಗಿ ಗಿರಿಜಾ, ಶಾಲೆಯಲ್ಲಿ ಟೀಚರ್. ತಂದೆ ರುದ್ರಪ್ಪನವರದು ಸೊರಬದಲ್ಲಿ ಬಟ್ಟೆ ಅಂಗಡಿ. ಮಾವ ತಂದ ಫೋಟೋದಲ್ಲಿ ಹುಡುಗಿ ಯಾವುದೋ ದೂರದ ವಿಷಯವನ್ನು ಯೋಚಿಸುವವಳ ಹಾಗೆ ನಿಂತಿದ್ದಳು. ಆ ಫೋಟೋವನ್ನು ಒಂದೇ ದಿನದಲ್ಲಿ ಹತ್ತೊಂಬತ್ತು ಸಲ ನೋಡಿದೆ. ಮದುವೆಯಾದರೆ ಇವಳನ್ನೇ ಎಂದು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

"ಎಲ್ಲ ಸರಿ ಐತಿ" ಎಂದ ಮಾವ. "ಹುಡುಗಿ ಅಜ್ಜಿದು ಒಂದೇ ಷರತ್ತು. ಕನ್ನಡಕ ಹಾಕೋ ಗಂಡು ಬ್ಯಾಡಂತ."

"ನೀನು ಏನು ಹೇಳಿದೆ?"

"ನಮ್ಮ ಮಂಜು ಕಣ್ಣಿನ ತಜ್ಞ. ಅವನ ಕಣ್ಣು ಹೆಂಗಿರ್ತಾವು ಅಂತ ನೀವೇ ತಿಳ್ಕೊಳ್ರಿ ಅಂದೆ."

"ಅವ್ವಾ, ಇದು ಸುಳ್ಳಲ್ಲವಾ?" ಎಂದು ಅವ್ವನ ಕಡೆ ತಿರುಗಿದೆ.

"ನೀನೇ ದಿನಾ ಹೇಳ್ತೀಯಲ್ಲೋ, ಲೆನ್ಸು ಕಣ್ಣಾಗೇ ಇರ್ತೈತಿ, ಯಾರಿಗೂ ಕಾಣಂಗಿಲ್ಲ ಅಂತ. ಕಾಣದಿದ್ದಿದ್ದು ಇಲ್ಲದಂಗೇ. ಸುಮ್ನಿರು!"

ನಾನು ದಿನಾ ಹೇಳುವ ಮಾತನ್ನೇ ಅವ್ವ ನನಗೆ ತಿರುಗಿಸಿ ಕೊಟ್ಟಿದ್ದಳು. ಒಪ್ಪಿಕೊಂಡೆ. ವಿಜಯದಶಮಿಯ ದಿನ ಹೆಣ್ಣು ನೋಡುವುದು ಎಂದು ನಿಗದಿಯಾಯಿತು.

ಅದರ ಹಿಂದಿನ ದಿನ ಆಯುಧಪೂಜೆ. ಊರಿನ ಟ್ರ್ಯಾಕ್ಟರು, ತಕ್ಕಡಿ, ಹೊಲಿಗೆ ಯಂತ್ರಗಳೆಲ್ಲ ಕುಂಕುಮ ಹಚ್ಚಿಕೊಂಡು ರಜೆಯಲ್ಲಿದ್ದವು. ನಾನೂ ನನ್ನ ಆಯುಧಗಳನ್ನು ದೇವರ ಕೋಣೆಯಲ್ಲಿ ಮಣೆಯ ಮೇಲೆ ಸಾಲಾಗಿ ಜೋಡಿಸಿದೆ. ಟಾರ್ಚು, ಪರೀಕ್ಷೆಯ ಗಾಜುಗಳ ಪೆಟ್ಟಿಗೆ, ಸುತ್ತಿಟ್ಟ ಅಕ್ಷರಪಟ್ಟಿ, ಸಣ್ಣ ಸ್ಕ್ರೂಡ್ರೈವರ್ ಎರಡು. ಕೊನೆಯಲ್ಲಿ, ಒಂದು ಮುಚ್ಚಳದ ಮೇಲೆ 'ಬಲ', ಇನ್ನೊಂದರ ಮೇಲೆ 'ಎಡ' ಎಂದು ಬರೆದಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಅದರೊಳಗಿನ ದ್ರಾವಣದಲ್ಲಿ ನನ್ನ ಎರಡೂ ಲೆನ್ಸ್ ನೆನೆಯುತ್ತಿದ್ದವು.

"ಇದ್ಯಾವುದೋ ಇಷ್ಟು ಸಣ್ಣದು?" ಎಂದಳು ಅರಿಶಿನ, ಕುಂಕುಮದ ಬಟ್ಟಲು ಹಿಡಿದು ಬಂದ ಅವ್ವ.

"ಅವ್ವಾ, ಎಲ್ಲಕ್ಕಿಂತ ಮುಖ್ಯವಾದ ಆಯುಧವೇ ಅದು. ನಾಳೆ ಕೆಲಸ ಮಾಡೋದು ಅದೊಂದೇ."

ಇಷ್ಟು ಹೇಳಿ, ಮರುದಿನ ಒಯ್ಯಬೇಕಾದ ವಸ್ತುಗಳ ಪಟ್ಟಿ ಬರೆಯಲು ಹೊರಗೆ ಹೋದೆ. ಪಟ್ಟಿ ಬರೆಯದೆ ಅಲ್ಲೇ ನಿಂತಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ!

ದಶಮಿಯ ಬೆಳಿಗ್ಗೆ 8.40ರ ಬಸ್ಸಿಗೆ ಅವ್ವ, ಮಾವ, ನಾನು ಹೊರಟೆವು. ಬಸ್ಸಿನಲ್ಲಿ ದೂಳು ಇರುವುದರಿಂದ ಲೆನ್ಸನ್ನು ಸೊರಬದಲ್ಲೇ ಹಾಕಿಕೊಳ್ಳುವುದೆಂದು ಯೋಜನೆ. ಶಿರಾಳಕೊಪ್ಪ ದಾಟಿದ ಮೇಲೆ ಚೀಲ ತೆರೆದು ನೋಡಿದೆ. ಡಬ್ಬಿ ಇತ್ತು. ಲೆನ್ಸ್ ತೊಳೆಯುವ ದ್ರಾವಣದ ಬಾಟಲಿ ಇರಲಿಲ್ಲ. ಪಟ್ಟಿಯಲ್ಲಿ ಅದರ ಮುಂದೆ ಟಿಕ್ ಹಾಕಿದ್ದೆ. ಟಿಕ್ ನನ್ನ ಜೊತೆ ಬಂದಿತ್ತು, ಬಾಟಲಿ ಮನೆಯಲ್ಲೇ ಉಳಿದಿತ್ತು. 'ತೊಳೆಯದೆ ಹಾಕಬಾರದು' ಎಂಬುದು ನಾಲ್ಕನೆಯ ನಿಯಮ. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ.

ಸೊರಬದಲ್ಲಿ ಇಳಿದ ತಕ್ಷಣ ಯಾರಾದರೂ ನೋಡಿಯಾರೆಂದು ಕನ್ನಡಕ ತೆಗೆದು ಮಾವನ ಜೇಬಿಗೆ ಹಾಕಿದೆ. ಅಲ್ಲಿಂದ ರುದ್ರಪ್ಪನವರ ಮನೆಯವರೆಗೆ ಮಾವನ ತೋಳು ಹಿಡಿದುಕೊಂಡು, ಮಂಜಿನೊಳಗೆ ನಡೆದ ಹಾಗೆ ನಡೆದೆ. ಬಾಗಿಲ ಬಳಿ ಬಿಳಿ ಪಂಚೆಯ ಸ್ಥೂಲಕಾಯರೊಬ್ಬರು ನಿಂತಿದ್ದರು. ಬಗ್ಗಿ ನಮಸ್ಕಾರ ಮಾಡಿದೆ.

"ಅದು ಬಟ್ಟೆ ಗಂಟು" ಎಂದು ಮಾವ ಕಿವಿಯಲ್ಲಿ ಹೇಳಿದ. "ಮುಂದ ನಡಿ!"

ಕೈಕಾಲು ತೊಳೆಯಲು ಬಚ್ಚಲುಮನೆ ತೋರಿಸಿದರು. ಇದೇ ಸಮಯ ಎಂದು ಡಬ್ಬಿ ಹಿಡಿದು ಒಳಗೆ ಹೋದೆ. ಹಂಡೆಯ ಕೆಳಗೆ ಹಸಿ ಸೌದೆ ಹೊಗೆಯಾಡುತ್ತಿತ್ತು. ಕಿಟಕಿ ಅಂಗೈಯಗಲ. ಕನ್ನಡಿ ಇಲ್ಲ. ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿಯೇ ಹಾಕಬೇಕು ಎಂಬುದು ಮೂರನೆಯ ನಿಯಮ. ಹೊಗೆಯಲ್ಲಿ ಹಾಕಲೇಬಾರದು ಎಂಬುದು ಐದನೆಯದು. ಆದರೆ ಮೂವತ್ತೆರಡು ಸಲ ಅಭ್ಯಾಸ ಮಾಡಿದ ಕೈ ನನ್ನದು! ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಒಂದು, ಟಪ್ ಟಪ್ ಎಂದು ಕೂತವು.

ಮರುಕ್ಷಣವೇ ಎರಡೂ ಕಣ್ಣಿಗೆ ಮೆಣಸಿನಕಾಯಿ ಹಿಂಡಿದಂತಾಯಿತು. ಉರಿದರೆ ಕೂಡಲೇ ತೆಗೆಯಬೇಕು ಎಂಬುದು ಏಳನೆಯ ನಿಯಮ. ಹೊಗೆಗೆ ಉರಿಯುತ್ತಿದೆ ಎಂದು ತೀರ್ಪು ಕೊಟ್ಟು ಆ ನಿಯಮವನ್ನೂ ವಜಾ ಮಾಡಿದೆ. ಐದು ನಿಮಿಷ ಕಣ್ಣೀರು ಸುರಿದ ಮೇಲೆ ಉರಿ ಸ್ವಲ್ಪ ತಗ್ಗಿತು. ಹೊರಗೆ ಬಂದರೆ, ಆಹಾ! ಗೋಡೆ, ಮನುಷ್ಯರು, ಗಡಿಯಾರದ ಮುಳ್ಳು, ಎಲ್ಲವೂ ಸ್ಪಷ್ಟ. ಎಲ್ಲದರ ಮೇಲೂ ಎಳೆಬಿಸಿಲಿನಂಥ ಒಂದು ಹೊಂಬಣ್ಣ. ಶುಭಕಾರ್ಯದ ಮನೆಯ ಕಳೆಯೇ ಬೇರೆ ಎಂದುಕೊಂಡೆ.

ನಡುಮನೆಯ ಬೆಂಚಿನ ಮೇಲೆ ನಾವು ಕೂತೆವು. ನಡುವೆ ಮಾವ, ಎಡಕ್ಕೆ ಅವ್ವ, ಬಲಕ್ಕೆ ನಾನು. ರುದ್ರಪ್ಪನವರು ಹಬ್ಬದ ಉಡುಗೊರೆ ಎಂದು ಎರಡು ಶರ್ಟ್ ಪೀಸು ತಂದು ಮುಂದಿಟ್ಟರು.

"ಯಾವ ಬಣ್ಣ ಬೇಕೋ ಆರಿಸಿಕೊಳ್ಳಿ."

ಎರಡನ್ನೂ ತಿರುಗಿಸಿ ನೋಡಿ, "ಎರಡೂ ಒಂದೇ ಬಣ್ಣ ಅಲ್ವಾ ಸಾರ್?" ಎಂದೆ.

ರುದ್ರಪ್ಪನವರ ಮುಖ ಸಣ್ಣದಾಯಿತು. "ಒಂದು ಬಿಳಿ. ಇನ್ನೊಂದು ಕೆನೆ ಬಣ್ಣ" ಎಂದರು. ಮೂವತ್ತು ವರ್ಷ ಬಟ್ಟೆ ಮಾರಿದವರಿಗೆ ಕಣ್ಣಿನ ತಜ್ಞನೊಬ್ಬ ಹೀಗೆ ಹೇಳಿದರೆ ಹೇಗಾಗಬೇಡ!

ಅಷ್ಟರಲ್ಲಿ ಗಿರಿಜಾ ಮೆಣಸಿನಕಾಯಿ ಬಜ್ಜಿ, ಕೇಸರಿಬಾತಿನ ತಟ್ಟೆಗಳನ್ನು ತಂದಳು. ತಿಳಿ ಹಸಿರು ಸೀರೆ. (ಅದು ತಿಳಿ ನೀಲಿ ಎಂದು ಆಮೇಲೆ ತಿಳಿಯಿತು.) ತಟ್ಟೆಗಳನ್ನು ಕೊಟ್ಟು, ಎದುರಿನ ಕಂಬದ ಪಕ್ಕ ನಿಂತು ನಮ್ಮ ಕಡೆ ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣುಗಳು ಮೆಲ್ಲಗೆ ಕಿರಿದಾಗಿ, ಕೆನ್ನೆ ತುಸು ಮೇಲಕ್ಕೇರಿ, ಒಂದು ಅಪೂರ್ವವಾದ ಮಂದಹಾಸ ಮೂಡಿತು. ನಾನು ಶರ್ಟಿನ ಕಾಲರ್ ಸರಿಮಾಡಿಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಮಗದೊಮ್ಮೆ. ಡೈರಿ ಚೀಲದೊಳಗೆ ಇದ್ದುದರಿಂದ ಕೈಬೆರಳಿನ ಗೆಣ್ಣಿನ ಮೇಲೆ ಎಣಿಸಿಕೊಂಡೆ. ಒಟ್ಟು ಏಳು. ಸಂಬಂಧ ಕುದುರಿತು ಎಂದೇ ಲೆಕ್ಕ ಹಾಕಿದೆ.

ಆಗ ಅಜ್ಜಿ ಬಂದರು. ಸಣ್ಣ ದೇಹ, ನೆಟ್ಟಗಿನ ಬೆನ್ನು. ನೇರವಾಗಿ ನನ್ನ ಮುಂದೆ ನಿಂತರು.

"ಕಣ್ಣಿನ ಡಾಕ್ಟರಂತಲ್ಲ. ಎಲ್ಲಿ, ನಿನ್ನ ಕಣ್ಣು ತೋರಿಸು ನೋಡಣ."

ಡಾಕ್ಟರಲ್ಲ, ಕಣ್ಣು ಪರೀಕ್ಷೆ ಮಾಡುವವನು ಎಂದು ತಿದ್ದುವಷ್ಟರಲ್ಲಿ ಅವರು ನನ್ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ್ದರು. ಲೆನ್ಸ್ ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಿಂದ ಕಣ್ಣನ್ನು ಇನ್ನೂ ಅಗಲ ಮಾಡಿದೆ.

"ಅಯ್ಯೋ ಮಾರಾಯ, ಎಂತದು ಇದು! ರುದ್ರಾ, ಬಾರೋ ಇಲ್ಲಿ! ಕಣ್ಣೆಲ್ಲ ಹಳದಿ ಆಗೈತಲ್ಲೋ! ಈ ಗಂಡಿಗೆ ಕಾಮಾಲೆ!"

ರುದ್ರಪ್ಪನವರು ಬಗ್ಗಿ ನೋಡಿದರು. ಬಣ್ಣದ ವಿಷಯದಲ್ಲಿ ಅವರು ತಪ್ಪುವವರಲ್ಲ. "ಹೌದು, ಹಳದಿ" ಎಂದರು. "ಬಿಳಿಯೂ ಅಲ್ಲ, ಕೆನೆಯೂ ಅಲ್ಲ. ಹಳದಿಯೇ."

ಅಜ್ಜಿ ನನ್ನ ತಟ್ಟೆಯನ್ನು ಎತ್ತಿಕೊಂಡರು. "ಕಾಮಾಲೆಗೆ ಎಣ್ಣೆ ಬಜ್ಜಿ ಅಂದ್ರೆ ಏನಾಗ್ತದೆ ಗೊತ್ತನಾ?" ನಾನು ಆಗಷ್ಟೇ ಒಂದು ಬಜ್ಜಿಯ ಅರ್ಧ ಕಚ್ಚಿದ್ದೆ. ಉಳಿದರ್ಧವನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡರು.

ಆ ಗಳಿಗೆಯಲ್ಲಿ ನನಗೆ ಎಲ್ಲವೂ ಹೊಳೆಯಿತು. ಹೊಂಬಣ್ಣದ ಗೋಡೆ. ಒಂದೇ ಬಣ್ಣದ ಶರ್ಟ್ ಪೀಸು. ಮಣೆಯ ಮೇಲಿದ್ದ ಡಬ್ಬಿ, ಅವ್ವನ ಕೈಯ ಅರಿಶಿನದ ಬಟ್ಟಲು. ಸಾಫ್ಟ್ ಲೆನ್ಸ್ ನೀರು ಕುಡಿಯುವ ವಸ್ತು, ನೀರಿನ ಜೊತೆ ಬಣ್ಣವನ್ನೂ ಕುಡಿಯುತ್ತದೆ. ಆದ್ದರಿಂದ ಅರಿಶಿನ, ಕುಂಕುಮ, ಕಾಡಿಗೆ ತಾಗಿಸಬಾರದು. ಇದು ಆರನೆಯ ನಿಯಮ. ಬರೆದವನು ನಾನೇ!

ನನ್ನ ಮುಂದೆ ಎರಡು ದಾರಿಗಳಿದ್ದವು. ಒಂದು, ಲೆನ್ಸ್ ತೆಗೆದು ಕನ್ನಡಕವನ್ನು ಒಪ್ಪಿಕೊಳ್ಳುವುದು. ಎರಡು, ಕಾಮಾಲೆಯನ್ನು ಒಪ್ಪಿಕೊಳ್ಳುವುದು. ಶಾಂತಚಿತ್ತದಿಂದ ತೂಗಿ ನೋಡಿದೆ. ಕಾಮಾಲೆ ಕೆಲವು ವಾರದಲ್ಲಿ ವಾಸಿಯಾಗುತ್ತದೆ. ಕನ್ನಡಕ ಜೀವನಪರ್ಯಂತ ಇರುತ್ತದೆ. ಕಂಬದ ಪಕ್ಕದ ಹುಡುಗಿಯನ್ನು ಒಮ್ಮೆ ನೋಡಿದೆ. ಕಾಮಾಲೆಯನ್ನೇ ಒಪ್ಪಿಕೊಂಡೆ!

"ಹೌದಜ್ಜಿ, ಎರಡು ದಿನದಿಂದ ಸ್ವಲ್ಪ ಸುಸ್ತು" ಎಂದೆ.

ಇದರ ಪರಿಣಾಮ ಎರಡಾಯಿತು. ಅಜ್ಜಿ ಹಿತ್ತಲಿಗೆ ಹೋಗಿ ನೆಲನೆಲ್ಲಿ ಕಿತ್ತುತಂದು, ಅರೆದು, ಮಜ್ಜಿಗೆಗೆ ಕಲಸಿ ಒಂದು ಲೋಟ ಮಾಡಿ ಕೊಟ್ಟರು. ಮತ್ತೆ ನನ್ನ ಅವ್ವ, ನಿಜವಾಗಿಯೂ ಮಗನಿಗೆ ಕಾಮಾಲೆ ಎಂದು ನಂಬಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು.

"ನಿನ್ನೆ ಹೋಳಿಗಿ ನಾಲ್ಕು ತಿಂದ್ನಲ್ರೀ ನನ್ನ ಮಗ! ಒಂದು ಮಾತು ಹೇಳ್ಲಿಲ್ಲಲ್ರೀ!"

"ಆರು" ಎಂದು ತಿದ್ದಬೇಕೆನ್ನಿಸಿತು. ಅಜ್ಜಿ ತಲೆಯ ಮೇಲೆ ನಿಂತಿದ್ದರಿಂದ ಆ ಕಹಿ ಲೋಟವನ್ನು ಒಂದೇ ಉಸಿರಿಗೆ ಎತ್ತಿದೆ. ಮುಖ ಹಿಂಡಿತು. ಕಣ್ಣಲ್ಲಿ ನೀರು ಉಕ್ಕಿತು. ಬಲಗಣ್ಣನ್ನು ಉಜ್ಜಿದೆ. ಕಣ್ಣು ಉಜ್ಜಬಾರದು ಎಂಬುದು ಎಂಟನೆಯ ನಿಯಮ. ಬಲಗಣ್ಣಿನ ಲೆನ್ಸ್ ಜಾರಿ ಕೆನ್ನೆಗೆ ಇಳಿದು, ಅಲ್ಲಿಂದ ಖಾಲಿ ಲೋಟದೊಳಗೆ ಬಿತ್ತು.

ಅಜ್ಜಿ ಮತ್ತೊಮ್ಮೆ ಗಲ್ಲ ಹಿಡಿದರು. ಬಲಗಣ್ಣು ನೋಡಿದರು. ಎಡಗಣ್ಣು ನೋಡಿದರು. ಮತ್ತೆ ಬಲಗಣ್ಣು.

"ರುದ್ರಾ! ಇದು ಒಂದೇ ಕಣ್ಣಿನ ಕಾಮಾಲೆ ಮಾರಾಯ! ನನ್ನ ಜೀವಮಾನದಾಗೆ ಇಂಥದ್ದು ನೋಡಿಲ್ಲ."

"ಅಜ್ಜಿ, ನಿಮ್ಮ ಔಷಧಿ ಒಂದು ಕಣ್ಣಿಗೆ ಹತ್ತಿರಬೇಕು" ಎಂದ ಮಾವ. ಎಷ್ಟಾದರೂ ನನ್ನ ಪರ ನಿಂತವನು.

ಅಷ್ಟರಲ್ಲಿ ಅವ್ವ ಲೋಟದೊಳಗೆ ಬಗ್ಗಿ ನೋಡಿದ್ದಳು. ಅಳು ನಿಂತಿತು.

"ಲೋ ಮಂಜು, ಇದು ಪೂಜಿಗಿಟ್ಟ ಡಬ್ಬ್ಯಾಗಿಂದಲ್ಲೇನೋ? ಮುಖ್ಯ ಆಯುಧ ಅಂದ್ಯಲ್ಲ, ಮ್ಯಾಲೆ ಕುಂಕುಮ ಹಚ್ಚಿದ್ರ ಸಾಲದು ಅಂತ ಮುಚ್ಚಳ ತೆಗದು, ಎರಡಕ್ಕೂ ಒಂದೊಂದು ಚಮಚ ಅರಿಶಿನ ನೀರು ನಾನೇ ಹಾಕಿದ್ದೆ!" ಎಂದವಳೇ ಕೈಮುಗಿದು, "ಸದ್ಯ, ನನ್ನ ಮಗನಿಗೆ ಕಾಮಾಲೆ ಇಲ್ಲಪ್ಪಾ!" ಎಂದಳು.

ನಾನು ಎಡಗಣ್ಣಿನದನ್ನೂ ತೆಗೆದು ಲೋಟಕ್ಕೆ ಹಾಕಿದೆ. ಕೈ ಚಾಚಿದೆ. ಮಾವ ಜೇಬಿನಿಂದ ಕನ್ನಡಕ ತೆಗೆದು ನನ್ನ ಅಂಗೈಗೆ ಇಟ್ಟ. ಹಾಕಿಕೊಂಡು ಅಜ್ಜಿಯ ಮುಂದೆ ಎದ್ದು ನಿಂತೆ.

"ಮೈನಸ್ ಆರೂವರೆ, ಅಜ್ಜಿ. ಮೂರನೇ ಕ್ಲಾಸಿನಿಂದ. ನಿಮಗೆ ಸುಳ್ಳು ಹೇಳಿದ್ದು ತಪ್ಪಾಯ್ತು."

ಅಜ್ಜಿ ಬಾಯಿ ತೆರೆಯುವ ಮೊದಲೇ ಗಿರಿಜಾ ಸರಸರನೆ ಒಳಗೆ ಹೋದಳು. ಹೊಸ್ತಿಲಿಗೆ ಎಡವಿದ ಸದ್ದು ಕೇಳಿತು. ಇಷ್ಟೇ, ಮುಗಿಯಿತು, ಹತ್ತೊಂಬತ್ತು ಸಲ ನೋಡಿದ ಫೋಟೋವನ್ನು ವಾಪಸು ಕಳಿಸಬೇಕು ಎಂದುಕೊಂಡೆ. ಒಂದು ನಿಮಿಷದಲ್ಲಿ ಅವಳು ಹೊರಗೆ ಬಂದಳು. ಮುಖದ ಮೇಲೆ ಕಪ್ಪು ಫ್ರೇಮಿನ ಕನ್ನಡಕ!

"ಅಜ್ಜೀ, ಅವರಿಗೆ ಬೈಯೋದಾದ್ರೆ ನನಗೂ ಸೇರಿಸಿಯೇ ಬೈದುಬಿಡು. ಅಡಿಗೆಮನೇಲಿ ಅಕ್ಕಿಡಬ್ಬದ ಹಿಂದೆ ಇಟ್ಟು ಬಾ ಅಂದವಳು ನೀನೇ."

ರುದ್ರಪ್ಪನವರು ಶರ್ಟ್ ಪೀಸುಗಳನ್ನು ಮಡಿಸುವುದರಲ್ಲಿ ಬಹಳ ಮಗ್ನರಾದರು. ಅಜ್ಜಿ ಮಾತ್ರ ಅಲುಗಲಿಲ್ಲ.

"ನಾನು ಕನ್ನಡಕದ ಗಂಡು ಬೇಡ ಅಂದಿದ್ದು ಇದಕ್ಕೇ. ನಿಮ್ಮಜ್ಜನ ಕನ್ನಡಕ ಹುಡುಕಿ ಹುಡುಕಿ ನಾನು ಹಣ್ಣಾದೆ. ಅವರಿಗೆ ಇಲ್ಲದಿದ್ರೂ ನನಗೆ ಕಣ್ಣಿತ್ತು. ಇಬ್ಬರಿಗೂ ಕನ್ನಡಕ ಅಂದ್ರೆ, ಕಳೆದುಹೋದ ದಿನ ಹುಡುಕೋರು ಯಾರೇ?"

ನನ್ನ ವೃತ್ತಿಯಲ್ಲಿ ಇಷ್ಟು ತರ್ಕಬದ್ಧವಾದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ದಾರ ಕಟ್ಟಿ ಕೊರಳಿಗೆ ಹಾಕ್ಕೊಳ್ತೀವಿ, ಅಜ್ಜಿ" ಎಂದೆ.

"ಇಬ್ಬರೂ" ಎಂದಳು ಗಿರಿಜಾ.

ಅಜ್ಜಿ ನನ್ನನ್ನೂ ಅವಳನ್ನೂ ಒಂದು ಸುತ್ತು ನೋಡಿದರು. "ಸುಳ್ಳು ಎರಡೂ ಕಡೆ ಸಮ ಆತು. ಇನ್ನು ಕೂತು ಮಾತಾಡಣ. ರುದ್ರಾ, ಅಂಗಡಿಯಿಂದ ಲಾಡಿ ತಗಂಡು ಬಾ. ದಪ್ಪಂದು ತಾ."

ಹೀಗೆ ಪೈಜಾಮದ ಲಾಡಿಯಿಂದ ನನ್ನ ನಿಶ್ಚಿತಾರ್ಥವಾಯಿತು. ಬಜ್ಜಿಯ ತಟ್ಟೆಯೂ ವಾಪಸು ಬಂತು. ಆದರೆ ನೆಲನೆಲ್ಲಿಯ ಕಹಿಗೆ ಬಜ್ಜಿ, ಕೇಸರಿಬಾತು ಎರಡೂ ಒಂದೇ ರುಚಿಯಾಗಿದ್ದವು.

ಕಣ್ಣು ಐದು ದಿನ ಕೆಂಡದಂತಿತ್ತು. ಶಿವಮೊಗ್ಗದ ಕಣ್ಣಿನ ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟು, "ಯಾವನ್ರೀ ನಿಮಗೆ ಲೆನ್ಸ್ ಹಾಕಿದ್ದು? ಅವನಿಗೆ ಏನಾದ್ರೂ ಗೊತ್ತಾ?" ಎಂದು ಕೇಳಿದರು. ಹೆಸರು ಹೇಳಲಿಲ್ಲ. ಹಳದಿ ಲೆನ್ಸುಗಳನ್ನು ಎಸೆದೆ. ರಟ್ಟಿನ ಮೇಲೆ ಹನ್ನೆರಡನೆಯ ನಿಯಮ ಸೇರಿಸಿದೆ: 'ಲೆನ್ಸ್ ಡಬ್ಬಿಯನ್ನು ಪೂಜೆಗೆ ಇಡಬಾರದು. ಇಟ್ಟರೂ ಮುಚ್ಚಳ ತೆಗೆಯಬಾರದು.' ವರ್ಷದ ಕೊನೆಯ ಲೆಕ್ಕ: ಲೆನ್ಸ್ ಹಾಕಿಸಿಕೊಂಡವರು 1. ಬಿಟ್ಟವರು 1. ಇಬ್ಬರೂ ನಾನೇ.

ಮದುವೆಯಾಗಿ ಈಗ ಆರು ತಿಂಗಳು. ಮದುವೆಯ ಫೋಟೋದಲ್ಲಿ ಬಾಸಿಂಗದ ಕೆಳಗೆ ಇಬ್ಬರ ಕನ್ನಡಕವೂ, ಕನ್ನಡಕದ ಕೆಳಗೆ ಇಬ್ಬರ ಲಾಡಿಯೂ ಚೆನ್ನಾಗಿ ಬಂದಿವೆ. ಇಷ್ಟೆಲ್ಲ ಎಡವಟ್ಟಾದರೂ ಆ ದಿನದ ಒಂದು ಲೆಕ್ಕ ಮಾತ್ರ ನನ್ನ ಹೆಮ್ಮೆಯಾಗಿ ಉಳಿದಿತ್ತು. ವಾಪಸು ಬಸ್ಸಿನಲ್ಲಿ ಕೂತು ಅದನ್ನು ಬರೆದಿದ್ದೆ: 'ಗಿರಿಜಾ ನನ್ನನ್ನು ನೋಡಿ ನಕ್ಕಿದ್ದು: 7 ಸಲ.' ಹೋದ ಭಾನುವಾರ ಮಧ್ಯಾಹ್ನ ಆ ಪುಟವನ್ನು ಅವಳಿಗೇ ತೋರಿಸಿದೆ.

"ನಗುನಾ?" ಎಂದಳು ಗಿರಿಜಾ. "ಯಾವ ನಗುರೀ? ಕನ್ನಡಕ ತೆಗೆಸಿದ್ರಲ್ಲ, ನಂಗೆ ಬೆಂಚಿನ ಮೇಲೆ ಮೂರು ಮೂಟೆ ಇಟ್ಟಂಗೆ ಕಾಣ್ತಿತ್ತು. ಗಂಡು ಯಾವುದು ಅಂತ ಕಣ್ಣು ಕಿರಿದು ಮಾಡಿ ಹುಡುಕ್ತಿದ್ದೆ. ತಲೆ ಕಪ್ಪಗಿತ್ತಲ್ಲ, ಮಧ್ಯದವರೇ ಗಂಡು ಅಂದ್ಕೊಂಡಿದ್ದೆ."

ದೂರ ಕಾಣದವರು ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಇದು ನನ್ನ ಕೋರ್ಸಿನ ಮೊದಲ ಪಾಠ. ದಿನಕ್ಕೆ ಹತ್ತು ಜನ ನನ್ನ ಕಟ್ಟೆಯ ಮೇಲೆ ಕೂತು ಅದೇ 'ಮಂದಹಾಸ' ಬೀರುತ್ತಾರೆ. ಅದನ್ನು ಕಂಡೇ ನಾನು ಅವರ ನಂಬರು ಅಂದಾಜು ಮಾಡುವುದು!

"ಹಂಗಾದ್ರೆ ಒಂದು ಸಲಾನೂ ನಗಲಿಲ್ವಾ?" ಎಂದೆ, ಆಸೆ ಬಿಡದೆ.

ಅವಳು ನನ್ನ ಕೈಯಿಂದ ಡೈರಿ ತೆಗೆದುಕೊಂಡಳು. ಶಾಲೆಯಲ್ಲಿ ನೋಟ್‌ಬುಕ್ ತಿದ್ದುವ ಕೆಂಪು ಪೆನ್ನಿನಿಂದ ಏಳನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ ಬರೆದು ವಾಪಸು ಕೊಟ್ಟಳು.

'ನಕ್ಕಿದ್ದು: 1 ಸಲ. ಮಾವನಿಗೆ.'